ಕೇಬಲ್ ಹುಲುಗ

"ಹೊರಗ ನಿಂತು ಮಾಡಿದ್ದು ಆಣಿ ಅಲ್ಲಲೇ ಬೋಳಿಮಗನ! ದೇವ್ರ ಮುಂದಿನ ದೀಪ ಕೈಲೆ ಆರಿಸ್ಬೇಕು. ಸುಳ್ಳು ಹೇಳಿದ್ರ ಕಣ್ಣು ಹೋಗ್ತಾವ," ಎಂದ ಸೋಮಶೇಖರಗೌಡ.

ಗೌಡನ ಬೋರಿನ ಕೇಬಲ್ಲನ್ನು ಯಾರೋ ಕೊಯ್ದು ಒಯ್ದಿದ್ದರು. ಅಂದು ಆ ಹೊಲದ ಬದುವಿನಲ್ಲಿ ಹುಲುಗಪ್ಪ ಆಡಿಗೆ ಸೊಪ್ಪು ಕೊಯ್ಯುತ್ತಿದ್ದ, ಕುಡುಗೋಲು ಕೈಯಲ್ಲಿತ್ತು. ಊರಿಗೆ ಅಷ್ಟು ಸಾಕಾಯಿತು. ಆಣೆ ಮಾಡಿದರೆ ಬಿಡುಗಡೆ. ಇಲ್ಲವಾದರೆ ಸಂಜೆಗೆ ಪೊಲೀಸರು. ಒಂಬತ್ತನೆಯ ತರಗತಿಯ ಹುಡುಗನಿಗೆ ಬಳ್ಳಾರಿಯ ಬಾಲಮಂದಿರ.

ಹುಲುಗಪ್ಪ ಗುಡಿಯ ಮೆಟ್ಟಿಲಿಗೆ ಕಾಲಿಟ್ಟ. ಪೂಜಾರಿ ಕೊಟ್ರಸ್ವಾಮಿ ಹೊಡೆಯಲು ತಂಬಿಗೆ ಎತ್ತಿದ.

"ಏಯ್! ಕೇರಿಯೋರು ಕಟ್ಟಿ ಹತ್ತಂಗಿಲ್ಲ, ಗೊತ್ತಿಲ್ಲೇನಲೇ?"

"ದೀಪ ಒಳಗ ಐತಲ್ರಿ, ಸ್ವಾಮೇರ?"

"ಐತಿ."

"ಮತ್ತ ನಾ ಹೆಂಗ ಮುಟ್ಲಿ?"

"ಅದು ನಿನ್ನ ಹಣೇಬಾರ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಅವನ ತಾಯಿ ಹಂಪಕ್ಕ ಮಣ್ಣಿನಲ್ಲೇ ಸೆರಗೊಡ್ಡಿದಳು. "ಯಪ್ಪಾ, ದೀಪಾನ ಹೊರಗ ತರ್ರಿ. ನನ್ನ ಮಗ ಮುಟ್ತಾನ್ರಿ."

"ನಿಮ್ಮೋರು ಮುಟ್ಟಿದ್ದನ್ನ ಮತ್ತ ದೇವ್ರ ಮುಂದ ಇಡ್ಬೇಕೇನು?" ಎಂದ ಕೊಟ್ರಸ್ವಾಮಿ.

ಮಧ್ಯಾಹ್ನ ಹುಲುಗಪ್ಪ ಶಾಲೆಯತ್ತ ಹೋದ. ಹಿಂದಿನ ಗೋಡೆಯ ಮೇಲೆ ಗೌಡನ ತಮ್ಮನ ಮಗ ಪಾಲಾಕ್ಷ ಗೆಳೆಯರೊಂದಿಗೆ ಕುಳಿತಿದ್ದ. ಹುಲುಗಪ್ಪ ಮುಟ್ಟಿದ ಚೆಂಡನ್ನು ಮಣ್ಣಲ್ಲಿ ಉರುಳಿಸಿಯೇ ಎತ್ತಿಕೊಳ್ಳುತ್ತಿದ್ದವನು ಇಂದು ಸರಿದು ಜಾಗ ಕೊಟ್ಟ.

"ಬಾರಲೇ ಕೇಬಲ್! ಕರೆಂಟು ಹೊಡೀಲಿಲ್ಲೇನು ನಿನಗ? ನಮ್ಮ ದೊಡ್ಡಪ್ಪನ ಮಕ ನೋಡ್ಬೇಕಿತ್ತು, ಸುಟ್ಟ ಬದನಿಕಾಯಿ ಆಗಿತ್ತು!"

"ನಾ ಕದ್ದಿಲ್ಲಲೇ," ಎನ್ನುತ್ತ ಹುಲುಗಪ್ಪ ಗೋಡೆ ಹತ್ತಿ ಕುಳಿತ.

"ಕದ್ದಿಲ್ಲಂದ್ರ ಕೆಳಗ ಇಳಿ."

ಎಲ್ಲರೂ ಕೇಕೆ ಹಾಕಿದರು. ಹುಲುಗಪ್ಪ ಇಳಿಯಲಿಲ್ಲ. ಬಿಸಿಲಿಗೆ ಕಾದ ಗೋಡೆ ತೊಡೆಗೆ ಬೆಚ್ಚಗಿತ್ತು. ಅಷ್ಟು ಎತ್ತರದಿಂದ ಅವನು ಊರನ್ನು ನೋಡಿದ್ದು ಅದೇ ಮೊದಲು. ಅವ್ವನ ನೆನಪಾಗಿ ನಾಚಿಕೆಯಾಯಿತು. ಆದರೂ ಇಳಿಯಲಿಲ್ಲ.

ಸಂಜೆ ಊರ ಬಾಗಿಲಲ್ಲಿ ಜೀಪಿನ ಸದ್ದಾಯಿತು. ಗುಡಿಯ ಮುಂದೆ ಜನ ಸೇರಿದ್ದರು.

"ಕಡೀಗೆ ಕೇಳ್ತೀನಿ, ಕದ್ದೀಯೋ ಇಲ್ಲೋ?" ಎಂದ ಗೌಡ.

ಹುಲುಗಪ್ಪ ಅವ್ವನನ್ನು ನೋಡಿದ, ಆಮೇಲೆ ಪಾಲಾಕ್ಷನನ್ನು. ಒಂದೇ ನೆಗೆತಕ್ಕೆ ಕಟ್ಟೆ ಹತ್ತಿ, ಪೂಜಾರಿಯನ್ನು ತಳ್ಳಿ ಒಳಗೆ ನುಗ್ಗಿದವನೇ ಬಾಗಿಲು ಹಾಕಿ ಅಗಳಿ ಜಡಿದ.

ಒಳಗೆ ಎಣ್ಣೆ, ಹೂವುಗಳ ಕಮಟು. ಬೆಳ್ಳಿ ಕಣ್ಣಿನ ದೇವರು. ಒಂದು ದೀಪ.

ಬಾಗಿಲಿಗೆ ಒದೆಗಳು ಬಿದ್ದವು. "ಮುಟ್ಟಬ್ಯಾಡಲೇ ಸೂಳಿಮಗನ, ದೀಪ ಮುಟ್ಟಬ್ಯಾಡ!" ಗೌಡನ ದನಿ.

"ಆರಿಸಿ ಬಾರೋ ಮಗಾ! ನೀ ಕದ್ದಿಲ್ಲ, ಆರಿಸಿ ಬಾ!" ಅವ್ವನ ದನಿ.

"ಕೇಬಲ್! ಲೇ ಕೇಬಲ್!" ಹುಡುಗರ ಶಿಳ್ಳೆ.

ಬತ್ತಿಯತ್ತ ಚಾಚಿದ ಬೆರಳು ನಡುದಾರಿಯಲ್ಲಿ ನಿಂತಿತು. ಬಾಗಿಲು ಮುಚ್ಚಿತ್ತು, ಆರಿಸಿದ್ದನ್ನು ಕಂಡವರಾರು? ಕಂಡರೂ ನಂಬುವವರಾರು?

ಅವನು ದೀಪವನ್ನೇ ಕೈಗೆತ್ತಿಕೊಂಡ. ಪ್ರತಿ ಒದೆತಕ್ಕೂ ದೇವರ ರೇಷ್ಮೆ ಪರದೆ ಅವನ ಕೈಯ ಉರಿಯತ್ತ ತೂಗಿ ಬರುತ್ತಿತ್ತು.