ತೆಗೆದ ಫೋಟೋ

ತಲೆ ನಿಲ್ಲುತ್ತಿರಲಿಲ್ಲ. ಗೋಡೆಗೆ ಒರಗಿಸಿ, ಎರಡೂ ಪಕ್ಕ ಅಕ್ಕಿಮೂಟೆ ಇಟ್ಟು, ಎದೆಗೆ ಪಂಚೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದಿದ್ದರೂ ಬಕ್ಕೇಶಪ್ಪನ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಲೋಕಿಕೆರೆಯಿಂದ ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದ ಅವನ ಅಣ್ಣ ಉಜ್ಜನಪ್ಪ ಮೂರನೆಯ ಸಲ ಅದನ್ನು ಎತ್ತಿ ನಿಲ್ಲಿಸಿ, ಕೈಬಿಟ್ಟು, ಮತ್ತೆ ಹಿಡಿದುಕೊಂಡ.

"ಇನ್ನೊಂದು ಸುತ್ತು ಬಿಗೀರೋ," ಎಂದ. "ಅಯ್ಯನೋರು ಬರೋ ಹೊತ್ತಾತು."

"ಬಿಗಿದ್ರೆ ನಿಲ್ಲಲ್ಲ ದೊಡ್ಡಪ್ಪ," ಎಂದಳು ಐಶ್ವರ್ಯ. "ಗದ್ದದ ಕೆಳಗೆ ಸಣ್ಣದೊಂದು ದಿಂಬು ಇಡ್ರಿ. ಮೇಲೆ ಹಾರ ಬರ್ತೈತೆ, ಕಾಣಲ್ಲ."

ಕೋಣೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅದು ಅವಳು ಅಪ್ಪನಿಂದಲೇ ಕೇಳಿ ಕಲಿತ ಮಾತು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ, ದೇಹ ಕೂರಿಸಿ ವಿಭೂತಿ ಹಚ್ಚಿ ಹಾರ ಹಾಕಿದ ಮೇಲೆ ಕೊನೆಯ ಫೋಟೋಕ್ಕೆ ಕರೆಯುತ್ತಿದ್ದದ್ದು ಬಕ್ಕೇಶಪ್ಪನನ್ನು. ಇಪ್ಪತ್ತೆಂಟು ವರ್ಷ ಅವನು ಊರಿನ ಮದುವೆಗಳನ್ನು ತೆಗೆದ ಹಾಗೆಯೇ ಊರಿನ ಹೆಣಗಳನ್ನೂ ತೆಗೆದಿದ್ದ.

ದಿಂಬು ಇಟ್ಟರು. ತಲೆ ನಿಂತಿತು.

"ಫೋಟೋದೋರಿಗೆ ಹೇಳಿದ್ರೇನು?" ಉಜ್ಜನಪ್ಪ ಕೇಳಿದ.

ಮೂಲೆಯಲ್ಲಿ ಕೂತಿದ್ದ ಬಕ್ಕೇಶಪ್ಪನ ಹೆಂಡತಿ ಅಕ್ಕನಾಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಬ್ಯಾಡ ಭಾವ," ಎಂದಳು. "ಫೋಟೋದಿಂದ ಆಗಿದ್ದು ಸಾಕು."

"ಹಂಗಂದ್ರೆ ಹೆಂಗವ್ವಾ? ಊರಿಗೆಲ್ಲ ತೆಗೆದೋನು. ಅವನದೊಂದು ಬ್ಯಾಡೇನು?"

ಹೊರಗೆ ಶಾಮಿಯಾನದ ಕೆಳಗೆ ಐವತ್ತು ಕುರ್ಚಿ ಹಾಕಿಸಿದ್ದರು. ಒಂಬತ್ತು ಗಂಟೆಯಾದರೂ ಹನ್ನೊಂದೇ ಜನ ಕೂತಿದ್ದರು, ಅದರಲ್ಲಿ ಏಳು ಜನ ಲೋಕಿಕೆರೆಯವರು. ಎದುರುಮನೆಯವರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋಗಿದ್ದರು. ಬಕ್ಕೇಶಪ್ಪ ಸತ್ತದ್ದು ಹಿಂದಿನ ದಿನ ಮಧ್ಯಾಹ್ನ, ಹರಿಹರದಲ್ಲಿ. ತಾಲ್ಲೂಕು ಕಚೇರಿಯ ಎದುರಿನ ಗೂಡಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆಂದು ನೀಲಿ ಪರದೆ ಕಟ್ಟುತ್ತಿದ್ದವನು, ಗಿರಾಕಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ತಾನೇ ಕೂತುಬಿಟ್ಟನಂತೆ. ಆಮೇಲೆ ಏಳಲಿಲ್ಲ.

*

ಬಸವಪ್ರಭು ನಿಟ್ಟುವಳ್ಳಿಯಲ್ಲಿ ಬ್ರೌಸಿಂಗ್ ಸೆಂಟರ್ ತೆರೆದದ್ದು ತೊಂಬತ್ತೆಂಟರ ದಸರೆಗೆ. ಅಕ್ಕನಾಗಮ್ಮನ ತವರಿನ ಕಡೆಯ ದೂರದ ಸಂಬಂಧಿ ಅವನು. ಬಕ್ಕೇಶಪ್ಪನ ಸ್ಟುಡಿಯೋದಿಂದ ನಾಲ್ಕು ಅಂಗಡಿ ಆಚೆ ಮೂರು ಕಂಪ್ಯೂಟರ್, ಒಂದು ಸ್ಕ್ಯಾನರ್ ಇಟ್ಟುಕೊಂಡು ಕೂತಿದ್ದ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ಐಶ್ವರ್ಯ ಕೈ ಪಳಗಲಿ ಎಂದು ಅಲ್ಲಿಗೆ ಹೋಗುತ್ತಿದ್ದಳು. ಫೋಟೋ ತೆಗೆಯುವವರು ಸೇರಿಕೊಂಡು ಹೊಸದಾಗಿ ಕಟ್ಟಿದ್ದ ಒಂದು ಜಾಲತಾಣ ಅವಳ ಕಣ್ಣಿಗೆ ಬಿದ್ದದ್ದು ಹಾಗೆ. ಯಾವ ದೇಶದವರಾದರೂ ಹೆಸರು ಕೊಟ್ಟು ಸೇರಬಹುದು, ಫೋಟೋ ಹಾಕಬಹುದು. ನೋಡಿದವರು ಅದರ ಕೆಳಗೆ ತಮ್ಮ ಮಾತು ಬರೆಯುತ್ತಾರೆ. ಯಾರ ಫೋಟೋ ಹಿಡಿಸಿತೋ ಅವರ ಬೆನ್ನು ಹತ್ತಬಹುದು, ಹೊಸದು ಹಾಕಿದ ಕೂಡಲೇ ತಿಳಿಯುತ್ತದೆ. ಹಾಗೆ ಬೆನ್ನು ಹತ್ತಿದವರು ಎಷ್ಟು ಎಂಬುದು ಹೆಸರಿನ ಪಕ್ಕದಲ್ಲಿ ಕೆಂಪು ಅಂಕಿಯಲ್ಲಿ ಕಾಣುತ್ತಿತ್ತು.

ಬಕ್ಕೇಶಪ್ಪನ ಟ್ರಂಕಿನಲ್ಲಿ ಗಿರಾಕಿಗಳಿಗೆ ಸಂಬಂಧಪಡದ ಒಂದಷ್ಟು ಫೋಟೋಗಳಿದ್ದವು. ಬಿಡುವಾದಾಗ ತನ್ನಷ್ಟಕ್ಕೆ ತೆಗೆದುಕೊಂಡವು. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ನಿಂತು ಬಿಸಿ ಮರಳು ತಿರುವುವ ಹೆಂಗಸಿನದನ್ನು ಐಶ್ವರ್ಯ ಆರಿಸಿದಳು. ಅಡಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ತಾನೇ ಬರೆದಳು. ನಾಲ್ಕನೆಯ ದಿನ ನಾರ್ವೆಯ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದ: ಈ ಹೆಂಗಸಿನ ಕೈಗಳನ್ನು ಅರ್ಧ ಗಂಟೆ ನೋಡುತ್ತ ಕೂತಿದ್ದೆ.

ಅವಳು ಅದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪ, "ಇನ್ನೊಂದ್ಸಲ ಓದು," ಎಂದ. ಓದಿದಳು. ಅವನು ಪರದೆಯನ್ನೇ ನೋಡುತ್ತ ಕೂತ.

"ಇಷ್ಟು ವರ್ಷ ಲಗ್ನದ ಫೋಟೋ ತೆಗೆದ್ನಲ್ಲ ಐಶು, ಆಲ್ಬಂ ನೋಡಿದೋರು ಹೇಳೋದು ಒಂದೇ ಮಾತು. ನನ್ನ ಕಣ್ಣು ಮುಚ್ಚೈತಲ್ಲರೀ ಅಂತ. ಇವ ಕೈ ನೋಡ್ಯಾನೆ."

ಅಂದಿನಿಂದ ಶನಿವಾರ ಮಧ್ಯಾಹ್ನ ಅಪ್ಪ ಮಗಳು ಇಬ್ಬರೂ ಹೋಗಿ ಕೂರುವುದು ರೂಢಿಯಾಯಿತು. ಫೋಟೋ ಮೇಲಿನಿಂದ ಗೆರೆ ಗೆರೆಯಾಗಿ ಇಳಿದು ಬರುವ ತನಕ ಬಕ್ಕೇಶಪ್ಪ ಉಸಿರು ಹಿಡಿದು ಕಾಯುತ್ತಿದ್ದ. ಕೆಂಪು ಅಂಕಿ ಒಂಬತ್ತಾಯಿತು, ನಲವತ್ತಾಯಿತು, ಅಲ್ಲೇ ನಿಂತಿತು. ಒಂದು ವಾರ ಬೇರೆ ಏನೂ ಸಿಗದೆ ಅವರು ಸಾವಿನ ಮನೆಯೊಂದರ ಫೋಟೋ ಹಾಕಿದರು. ಮಾಲೆ ಹಾಕಿಕೊಂಡು, ಹಣೆ ತುಂಬ ವಿಭೂತಿ ಧರಿಸಿ, ಮನೆಗೆ ಬಂದ ನೆಂಟನ ಹಾಗೆ ಗೋಡೆಗೊರಗಿ ಕೂತ ಒಬ್ಬ ಮುದುಕ. ಸತ್ತವರನ್ನು ಕೂರಿಸುವುದನ್ನು ಅಲ್ಲಿನವರು ಕಂಡಿರಲಿಲ್ಲ. ಎರಡು ವಾರದಲ್ಲಿ ಅಂಕಿ ಮುನ್ನೂರು ದಾಟಿತು.

"ಆ ಮನೆಯೋರನ್ನ ಒಂದು ಮಾತು ಕೇಳ್ಬೇಕಿತ್ತೇನೋ," ಎಂದ ಬಕ್ಕೇಶಪ್ಪ.

"ಅವರು ಇದನ್ನೆಲ್ಲಿ ನೋಡ್ತಾರಪ್ಪ? ನಮ್ಮೂರಾಗೆ ಯಾರು ನೋಡ್ತಾರೆ?" ಎಂದಿದ್ದಳು ಐಶ್ವರ್ಯ. ಆಮೇಲೆ ಅವನು ಆ ಮಾತೆತ್ತಲಿಲ್ಲ. ಸಾವಿನ ಮನೆಯ ಇನ್ನಷ್ಟು ಫೋಟೋಗಳೂ ವಾರ ವಾರ ಹೋದವು.

*

ಹತ್ತು ಗಂಟೆಗೆ ನಾಗಭೂಷಣ್ ಬಂದ. ಬಕ್ಕೇಶಪ್ಪನ ಹತ್ತಿರವೇ ಕೆಲಸ ಕಲಿತು ಈಗ ಪೇಟೆಯಲ್ಲಿ ದೊಡ್ಡ ಸ್ಟುಡಿಯೋ ಇಟ್ಟವನು. ಉಜ್ಜನಪ್ಪ ತಮ್ಮನ ಹೆಂಡತಿಯ ಮಾತು ಮೀರಿ ಫೋನ್ ಮಾಡಿಸಿದ್ದ. ನಾಗಭೂಷಣ್ ಚಪ್ಪಲಿ ಬಿಟ್ಟು, ಗುರುವಿನ ಪಾದ ಮುಟ್ಟಿ, ಎರಡೇ ಎರಡು ಫೋಟೋ ತೆಗೆದ. ಹೊರಡುವಾಗ ಐಶ್ವರ್ಯಳನ್ನು ಪಕ್ಕಕ್ಕೆ ಕರೆದ.

"ಇವು ಎಲ್ಲೂ ಹೋಗಲ್ಲಮ್ಮ. ನೆಗೆಟಿವ್ ಸಮೇತ ನಿನ್ನ ಕೈಗೇ ತಂದು ಕೊಡ್ತೀನಿ."

ಅವನು ಸಮಾಧಾನಕ್ಕೆಂದೇ ಹೇಳಿದ್ದ. ಅವಳು ತಲೆ ಎತ್ತಲಿಲ್ಲ.

ಅವನ ಹಿಂದೆಯೇ ಬಂದಿದ್ದ ಬಸವಪ್ರಭು ಜನ ಸರಿಯುವ ತನಕ ಕಾದು ಮೆಲ್ಲಗೆ ಹೇಳಿದ: "ಅಲ್ಲಿರೋರಿಗೂ ಒಂದು ಮಾತು ತಿಳಿಸಬೇಕಲ್ಲ ಐಶು. ನಿನ್ನೆ ಕೂಡ ಏಳೆಂಟು ಜನ ಬರೆದಾರೆ. ಮಾವ ಬದುಕೇ ಅದಾರೆ ಅಂದ್ಕೊಂಡು."

"ಮೆತ್ತಗೆ ಮಾತಾಡು," ಎಂದಳು ಅವಳು. ಅವ್ವ ಅಲ್ಲೇ ನಾಲ್ಕು ಮಾರು ದೂರದಲ್ಲಿ ಕೂತಿದ್ದಳು.

*

ಮಾರಣ್ಣ ಸ್ಟುಡಿಯೋಕ್ಕೆ ಓಡಿ ಬಂದದ್ದು ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ. ಹರಿಹರದ ಹತ್ತಿರದ ಸಾರಥಿ ಎಂಬ ಊರಿನವನು. ಆರು ವರ್ಷದ ಮಗಳು ಶೋಭಾರಾಣಿ ನಾಲೆಗೆ ಬಿದ್ದಿದ್ದಳು. ದಾವಣಗೆರೆಯ ಆಸ್ಪತ್ರೆಗೆ ತರುವ ಹೊತ್ತಿಗೆ ಜೀವ ಇರಲಿಲ್ಲ. ಊರಿಗೆ ವಾಪಸ್ ಹೊರಟ ಟೆಂಪೋದಲ್ಲಿ ಹೆಂಡತಿ ಓಬವ್ವ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಒಂದು ಫೋಟೋ ಆದರೂ ಬೇಕು ಎಂದು ಹಟ ಹಿಡಿದಿದ್ದಳು. ಬದುಕಿದ್ದಾಗ ಒಂದೂ ತೆಗೆಸಿರಲಿಲ್ಲ.

ಬಕ್ಕೇಶಪ್ಪ ಟೆಂಪೋ ಹತ್ತಿ ಮೂರು ಫೋಟೋ ತೆಗೆದ. ಮಗುವಿನ ಕೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು. ಮನೆಗೆ ಕೊಡುವ ಪ್ರತಿಯಲ್ಲಿ ಅವನು ಸಣ್ಣ ಕುಂಚ ಹಿಡಿದು ಎರಡು ದಿನ ಕೂತು ಮುಚ್ಚಿದ ಕಣ್ಣುಗಳನ್ನು ತೆರೆದ. ಕಪ್ಪು ಗುಡ್ಡೆ ಬರೆದು, ಬೆಳಕಿನ ಒಂದೊಂದು ಚುಕ್ಕಿ ಇಟ್ಟ. ಚೌಕಟ್ಟು ಹಾಕಿ ಕೊಟ್ಟಾಗ ಮಾರಣ್ಣ ಅದನ್ನು ಎದೆಗೊತ್ತಿಕೊಂಡು ಹೋಗಿದ್ದ.

ಕಣ್ಣು ಬರೆಯದ ಪ್ರತಿ ಸ್ಟುಡಿಯೋದಲ್ಲೇ ಉಳಿಯಿತು. ಮಾರ್ಚಿನಲ್ಲಿ ಅದು ಜಾಲತಾಣಕ್ಕೆ ಹೋಯಿತು. ಅಡಿಯಲ್ಲಿ ಐಶ್ವರ್ಯ ಬರೆದದ್ದು ಒಂದೇ ಸಾಲು: 'ಅವ್ವನ ಮಡಿಲು ಒದ್ದೆಯಾಗಿದೆ, ಮಗಳಿಗೆ ಇನ್ನು ಚಳಿಯಿಲ್ಲ.' ಜನ ಫೋಟೋಕ್ಕೆ ಅತ್ತಷ್ಟೇ ಆ ಸಾಲಿಗೂ ಅತ್ತರು. ಮೇ ತಿಂಗಳ ಹೊತ್ತಿಗೆ ಕೆಂಪು ಅಂಕಿ ಸಾವಿರದ ಇನ್ನೂರಾಗಿತ್ತು.

ಜೂನ್‌ನಲ್ಲಿ ಇಂಜಿನಿಯರಿಂಗ್ ಓದುವ ಯಾರೋ ಅದನ್ನು ನೋಡಿ, ಅಚ್ಚು ತೆಗೆದು, ಊರಿನ ಸಂಜೆ ಪತ್ರಿಕೆಗೆ ಕೊಟ್ಟರು. ದಾವಣಗೆರೆಯ ಹೆಣಗಳು ಪರದೇಶದವರ ಪಾಲು ಎಂದು ದಪ್ಪಕ್ಷರದಲ್ಲಿ ಬಂತು. ಯಾರ ಯಾರ ಮನೆಯ ಅಪ್ಪ, ಅಜ್ಜಿಯರು ಅಲ್ಲಿದ್ದಾರೆಂಬ ಪಟ್ಟಿಯೂ ಬಂತು. ಮಾರನೆಯ ದಿನ ಸ್ಟುಡಿಯೋದ ಗಾಜು ಒಡೆಯಿತು. ಅದರ ಮಾರನೆಯ ದಿನ ಮಾರಣ್ಣ ಬಂದ.

ಅವನು ಕೂಗಾಡಲಿಲ್ಲ. ಕೌಂಟರಿನ ಮುಂದೆ ನಿಂತು, "ಎಷ್ಟು ಜನ ನೋಡಿದ್ರು ಯಜಮಾನ್ರೇ?" ಎಂದು ಕೇಳಿದ.

"ಸಾವಿರದ ಇನ್ನೂರು," ಎಂದ ಬಕ್ಕೇಶಪ್ಪ.

ತಡವರಿಸದೆ ಹೇಳಿದ. ಶನಿವಾರ ಶನಿವಾರ ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದ. ಪಕ್ಕದಲ್ಲಿದ್ದ ಐಶ್ವರ್ಯಳಿಗೆ ಅದು ಕೇಳಿಸಿತು. ಮರುಕ್ಷಣ ಅಪ್ಪನಿಗೂ ಕೇಳಿಸಿರಬೇಕು, ಅವನ ಮುಖ ಬಿಳಿಚಿತು. ಮಾರಣ್ಣ ಚೀಲದಿಂದ ಚೌಕಟ್ಟು ಹಾಕಿದ ಫೋಟೋ ತೆಗೆದು ಕೌಂಟರಿನ ಮೇಲಿಟ್ಟ.

"ಇದನ್ನೂ ನೀವೇ ಇಟ್ಕಳ್ರಿ," ಎಂದು ಹೇಳಿ ಇಳಿದು ಹೋದ.

ಆ ಸಂಜೆ ಅಪ್ಪ ಹೇಳಿದ್ದು ಇಷ್ಟೇ: "ಐಶು, ತೆಗೆದುಬಿಡು. ಎಲ್ಲಾ ತೆಗೆದುಬಿಡು. ನಾನು ಇನ್ನು ಆ ಕಡೆ ಬರಲ್ಲ."

ಅವಳು ಹೋದಳು. ಕಂಪ್ಯೂಟರಿನ ಮುಂದೆ ಕೂತಳು. ಅಳಿಸುವ ಗುಂಡಿ ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಆದರೆ ಅದಕ್ಕೂ ಮೊದಲು ಹೊಸದಾಗಿ ಬಂದ ಮಾತುಗಳನ್ನು ಒಮ್ಮೆ ಓದಿಬಿಡೋಣ ಅನ್ನಿಸಿತು. ಯಾರೋ ಒಬ್ಬಳು, ಅವಳದೇ ವಯಸ್ಸಿನವಳಂತೆ, ಆ ಒಂದು ಸಾಲನ್ನು ತನ್ನ ಭಾಷೆಗೆ ಮಾಡಿಕೊಂಡು ಗೋಡೆಗೆ ಅಂಟಿಸಿಕೊಂಡಿದ್ದೇನೆ ಎಂದು ಬರೆದಿದ್ದಳು. ದಾವಣಗೆರೆಯಲ್ಲಿ ಐಶ್ವರ್ಯ ಬರೆದದ್ದನ್ನು ಯಾರೂ ಓದಿರಲಿಲ್ಲ. ಓದುವವರು ಮುಂದೆಯೂ ಇರಲಾರರು. ಎರಡು ವರ್ಷದಿಂದ ವರ ಬಂದು ನೋಡಿ ಹೋಗುತ್ತಿದ್ದರು, ಅವರಲ್ಲಿ ಯಾರೂ ಅವಳು ಏನು ಬರೆಯುತ್ತಾಳೆಂದು ಕೇಳಿದವರಲ್ಲ.

ಮನೆಗೆ ಬಂದು, "ತೆಗೆದೆ ಅಪ್ಪ," ಎಂದಳು.

ಬಕ್ಕೇಶಪ್ಪ ಸ್ಟುಡಿಯೋ ಮುಚ್ಚಿ, ಹರಿಹರಕ್ಕೆ ಹೋಗಿ ಗೂಡಂಗಡಿ ಹಿಡಿದ. ಶನಿವಾರಗಳಲ್ಲಿ ಐಶ್ವರ್ಯ ಒಬ್ಬಳೇ ಬಸವಪ್ರಭುವಿನ ಸೆಂಟರಿಗೆ ಹೋಗಿ, ಅಪ್ಪನ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದಳು. ಟ್ರಂಕಿನಲ್ಲಿ ಉಳಿದಿದ್ದವನ್ನೂ ಒಂದೊಂದಾಗಿ ಹಾಕಿದಳು. ಅಂಕಿ ಎರಡು ಸಾವಿರದ ಹತ್ತಿರ ಬಂದಿತ್ತು.

*

ಹೆಣ ಕೂರಿಸಿ ಹೊರುವ ವಿಮಾನ ಕಟ್ಟಿ ಮುಗಿಯುವ ಹೊತ್ತಿಗೆ ಹೊರಗೆ ಗುಸುಗುಸು ಎದ್ದಿತು. ಮಾಸಿದ ಹಸಿರು ಸೀರೆಯ ಹೆಂಗಸೊಬ್ಬಳು ಗೇಟಿನಲ್ಲಿ ನಿಂತಿದ್ದಳು, ಕೈಯಲ್ಲಿ ಚೆಂಡುಹೂವಿನ ಮಾಲೆ. ಐಶ್ವರ್ಯ ಕಂಡ ಕೂಡಲೇ ಗುರುತು ಹಿಡಿದಳು. ಆ ಮುಖವನ್ನು ಅವಳು ಪರದೆಯ ಮೇಲೆ ವಾರ ವಾರವೂ ನೋಡುತ್ತಿದ್ದಳು.

"ಯಾರಮ್ಮ ನೀನು?" ಉಜ್ಜನಪ್ಪ ಅಡ್ಡ ಹೋದ.

"ಸಾರಥಿಯೋಳು ಕಣ್ರಿ. ಓಬವ್ವ. ಶೋಭಾನ ಅವ್ವ."

ಅಕ್ಕನಾಗಮ್ಮ ಎದ್ದು ನಿಂತಳು. ಬೈಗುಳಕ್ಕೆ ಸಿದ್ಧಳಾದವಳ ಹಾಗೆ ಸೆರಗು ಬಿಗಿಹಿಡಿದಳು. ಓಬವ್ವ ನೇರ ಒಳಗೆ ಬಂದು, ಮಾಲೆಯನ್ನು ದೇಹದ ಪಾದದ ಬಳಿ ಇಟ್ಟು, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತಳು.

"ಪ್ರತಿ ಸೋಮವಾರ ಬರೋರು," ಎಂದಳು, ಯಾರನ್ನೂ ನೋಡದೆ. "ಮೊದಲ ನಾಲ್ಕು ವಾರ ನಮ್ಮೋನು ಬಾಗಿಲು ತೆಗೀಲಿಲ್ಲ. ಕಟ್ಟೆ ಮ್ಯಾಲೆ ಕೂತು ಎದ್ದು ಹೋಗೋರು. ಐದನೇ ವಾರ ನಾನೇ ನೀರು ಕೊಟ್ಟೆ. ನನ್ನ ಕಾಲು ಹಿಡಿಯಾಕ್ ಬಂದ್ರು. ಅಷ್ಟು ವಯಸ್ಸಾದೋರು."

ಅಕ್ಕನಾಗಮ್ಮನ ಕೈ ಸಡಿಲಾಯಿತು. ಗಂಡ ಸೋಮವಾರ ಎಲ್ಲಿಗೆ ಹೋಗುತ್ತಾನೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ನಮ್ಮೋನು ವಾಪಸ್ ಕೊಟ್ಟ ಫೋಟೋ ತಂದ್ರು. ನಾ ಒಲ್ಲೆ ಅಂದೆ. ಅಲ್ಲಿರೋದನ್ನ ತೆಗೆಸೋ ತನಕ ಇದು ಒಳಾಕ್ ಬರಾಂಗಿಲ್ಲ ಅಂದೆ. ಆಗ್ಲೇ ತೆಗೆಸೀನಿ ತಾಯಿ, ನನ್ನ ಮಗಳ ಕೈಲೇ ತೆಗೆಸೀನಿ ಅಂದ್ರು. ಕೊಳ್ಳಾಗಿನ ಲಿಂಗ ಕೈಯಾಗ್ ಹಿಡ್ಕಂಡು ಅಂದ್ರು. ಆಮ್ಯಾಲೆ ಇಟ್ಕಂಡೆ." ಅವಳು ಮುಖ ಎತ್ತಿ ಐಶ್ವರ್ಯಳನ್ನು ನೋಡಿದಳು. "ನೀನೇ ಅಲ್ಲೇನವ್ವ ಆ ಮಗಳು? ನೀನೇ ತೆಗೆದಿದ್ದು?"

ಬಾಗಿಲಲ್ಲಿ ನಿಂತಿದ್ದ ಬಸವಪ್ರಭು ನೆಲ ನೋಡತೊಡಗಿದ. ಐಶ್ವರ್ಯ ಅಪ್ಪನ ಕಡೆ ನೋಡಿದಳು. ಅವನ ಎದೆಯ ಮೇಲೆ ಲಿಂಗದ ಕರಡಿಗೆ ಹೂವಿನ ನಡುವೆ ಸ್ವಲ್ಪವೇ ಕಾಣುತ್ತಿತ್ತು.

"ಹೂಂ," ಎಂದಳು. "ನಾನೇ ತೆಗೆದೆ."

ಓಬವ್ವ ಎದ್ದು ಬಂದು ಅವಳ ತಲೆ ಸವರಿದಳು. ಒರಟು ಅಂಗೈ. "ಒಳ್ಳೇದಾಗ್ಲಿ," ಎಂದಳು. ಮಣ್ಣಾಗುವ ತನಕ ಇದ್ದೇ ಹೋಗುತ್ತೇನೆಂದು ಹೆಂಗಸರ ಸಾಲಿನ ಕೊನೆಯಲ್ಲಿ ಕೂತಳು.

ಗುಣಿಯಲ್ಲಿ ಬಕ್ಕೇಶಪ್ಪನನ್ನು ಕೂರಿಸಿದಾಗ ತಲೆ ಮತ್ತೆ ಎಡಕ್ಕೆ ವಾಲಿತು. ಈ ಸಲ ಯಾರೂ ಸರಿಪಡಿಸಲಿಲ್ಲ. ಪತ್ರೆ, ವಿಭೂತಿ, ಉಪ್ಪು, ಆಮೇಲೆ ಮಣ್ಣು. ಲೋಕಿಕೆರೆಯವರ ಜೊತೆ ಸಾಲಿನಲ್ಲಿ ನಿಂತು ಓಬವ್ವನೂ ಮೂರು ಹಿಡಿ ಮಣ್ಣು ಹಾಕಿ, ಹರಿಹರದ ಬಸ್ಸಿಗೆ ಹೊತ್ತಾಯಿತೆಂದು ಹೋದಳು.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು ಐಶ್ವರ್ಯ ಒದ್ದೆ ಕೂದಲಲ್ಲೇ ಚಪ್ಪಲಿ ಮೆಟ್ಟಿದಳು.

"ಅಪ್ಪನ್ನ ಮಣ್ಣು ಮಾಡಿ ಇನ್ನೂ ಒಂದು ತಾಸಾಗಿಲ್ಲ. ಎಲ್ಲಿಗೆ ಹೊಂಟೆ?" ಅವ್ವ ಕೇಳಿದಳು.

"ಅಪ್ಪ ಒಂದು ಕೆಲ್ಸ ಹೇಳಿದ್ದ," ಎಂದಳು ಅವಳು. "ಮಾಡಿರಲಿಲ್ಲ."

ಬಸವಪ್ರಭು ಸೆಂಟರಿನ ಶಟರ್ ಎತ್ತಿದ. ಲೈನ್ ಸಿಗಲು ಹೊತ್ತು ಹಿಡಿಯಿತು. ಮೊದಲು ಶೋಭಾಳದನ್ನೇ ತೆರೆದಳು. ಫೋಟೋ ಗೆರೆ ಗೆರೆಯಾಗಿ ಇಳಿಯತೊಡಗಿತು. ಟೆಂಪೋದ ಕಂಬಿ, ಓಬವ್ವನ ಹಣೆ, ತೆರೆದ ಬಾಯಿ. ಮಗುವಿನ ಮುಖ ಬರುವ ಮುಂಚೆಯೇ ಐಶ್ವರ್ಯ ಗುಂಡಿ ಒತ್ತಿದಳು. ಖಚಿತವೇ ಎಂದು ಅದು ಕೇಳಿತು. ಹೌದು ಎಂದಳು.

ಫೋಟೋ ಇದ್ದ ಕಡೆ ಬೂದು ಬಣ್ಣದ ಚೌಕ ಉಳಿಯಿತು. ಅದರ ಅಡಿಯ ಅವಳ ಸಾಲು ಹೋಗಲಿಲ್ಲ. ಜನ ಬರೆದ ನೂರಾರು ಮಾತುಗಳೂ ಹೋಗಲಿಲ್ಲ. ಅವನ್ನು ಅಳಿಸುವ ಗುಂಡಿ ಎಲ್ಲಿಯೂ ಇರಲಿಲ್ಲ. ಅವಳು ಮೇಲಿನಿಂದ ಕೆಳಗಿನ ತನಕ ಹುಡುಕಿದಳು, ಬಸವಪ್ರಭುವೂ ಬಗ್ಗಿ ನೋಡಿದ.

"ಇನ್ನೊಂದ್ಸಲ ತೆರೆದು ನೋಡು," ಎಂದ.

ತೆರೆದಳು. ಬೂದು ಚೌಕ ಹಾಗೆಯೇ ಇತ್ತು. ಎಲ್ಲಕ್ಕಿಂತ ಕೆಳಗೆ ಆಗಷ್ಟೇ ಬಂದ ಹೊಸ ಸಾಲೊಂದು ಸೇರಿಕೊಂಡಿತ್ತು: 'ಮಿಸ್ಟರ್ ಬಕ್ಕೇಶ್, ಮಗು ನಮಗೆ ಕಾಣಿಸುತ್ತಿಲ್ಲ. ದಯವಿಟ್ಟು ಮತ್ತೆ ಹಾಕಿ.'