ಒಂದೇ ಉಸಿರಿನ ಬೆನ್ನು

"ನಿನ್ನ ದಾರುಮ ಮತ್ತೆ ಹೊರಟೇಬಿಟ್ಟ," ಎಂದರು ಇಕುಯೊ.

ಭಾನು ಕುಂಚ ಎತ್ತಿಕೊಂಡು ಕಾಗದದ ಕಡೆ ನೋಡಿದಳು. ಗೆರೆ ನೆತ್ತಿಯಿಂದ ಹೊರಟು ಎಡಭುಜಕ್ಕೆ ಇಳಿದು, ಬೆನ್ನಗುಂಟ ಜಾರಿ, ಮಡಿಸಿಕೊಂಡ ಕಾಲುಗಳನ್ನು ಬಳಸಿ, ಬಲಭುಜ ಹತ್ತಿ ಮತ್ತೆ ನೆತ್ತಿಗೆ ಬಂದು ಸೇರಬೇಕು. ಒಂದೇ ಗೆರೆ, ಒಂದೇ ಉಸಿರು. ಗೋಡೆಗೆ ಮುಖ ಮಾಡಿ ಕೂತ ಸನ್ಯಾಸಿ ದಾರುಮನ ಬೆನ್ನು ಅದು. ತಲೆಯ ಮೇಲಿಂದ ಹೊದ್ದ ಬಟ್ಟೆಯ ಅಂಚು ಬಿಟ್ಟರೆ ಬೇರೇನನ್ನೂ ಬರೆಯುವ ಹಾಗಿಲ್ಲ. ಆದರೆ ಅವಳ ಗೆರೆ ಕಾಲುಗಳ ಹತ್ತಿರ ಬಳಸುವುದನ್ನು ಬಿಟ್ಟು ನೆಟ್ಟಗೆ ಕೆಳಗಿಳಿದಿತ್ತು.

"ದಾರುಮ ಅಂದ್ರೆ ಕೂತಿರಬೇಕು, ಭಾನು-ಸಾನ್. ಅಕ್ಕಿ ಮೂಟೆ ಥರ. ಇವನು ಏರ್‌ಪೋರ್ಟಿಗೆ ಲೇಟಾದವನ ಥರ ಇದಾನೆ."

"ಕೈ ಅದಾಗೇ ಹೋಗುತ್ತೆ ಸೆನ್ಸೆಯ್."

"ಕೈ ಎಲ್ಲೂ ಹೋಗಲ್ಲ. ನೀನು ಕಳಿಸ್ತಿದೀಯ. ಮಸಿ ತೇಯಿ, ಮತ್ತೆ."

ಅವಳ ಚಿತ್ರಕಲೆಯ ಸೆನ್ಸೆಯ್, ಅಂದರೆ ಗುರುಗಳಾದ ಇಕುಯೊ ಮಾತಾಡುತ್ತಿದ್ದುದು ತುಂಡು ತುಂಡು ಇಂಗ್ಲಿಷ್. ಭಾನುವಿನ ಕಿವಿಗೆ ಬೀಳುವಷ್ಟರಲ್ಲಿ ಅದು ಹೇಗೋ ಕನ್ನಡವಾಗಿರುತ್ತಿತ್ತು, ಅದೂ ಅಜ್ಜಿಯ ಧಾಟಿಯ ಕನ್ನಡ. ಗಂಡನ ಕಾರ್ ಕಂಪನಿಯ ಕೆಲಸಕ್ಕೆಂದು ಜಪಾನಿನ ನಗೋಯಾದಿಂದ ನೋವೈ ಎಂಬ ಈ ಅಮೆರಿಕನ್ ಊರಿಗೆ ಬಂದವರು ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ಬೇಸ್‌ಮೆಂಟಿನ ಪಿಂಗ್‌ಪಾಂಗ್ ಮೇಜೇ ಅವರ ಪಾಠದ ಜಾಗ. ಒಂದು ಕಾಲದಲ್ಲಿ ಅದರ ಸುತ್ತ ಜಪಾನಿ ಹೆಂಗಸರು ತುಂಬಿರುತ್ತಿದ್ದರಂತೆ. ಅವರೆಲ್ಲ ಗಂಡಂದಿರ ಕಾಂಟ್ರ್ಯಾಕ್ಟ್ ಮುಗಿದು ಊರಿಗೆ ಹೋದರು. ಈಗ ಶನಿವಾರ ಬೆಳಗ್ಗೆ ಬರುವವಳು ಭಾನು ಒಬ್ಬಳೇ.

ಕಲ್ಲಿನ ಮೇಲೆ ಹನಿ ನೀರು ಬಿಟ್ಟು ಅವಳು ಮಸಿಯ ಕೊರಡನ್ನು ಸುತ್ತ ತೇಯತೊಡಗಿದಳು. ನಂಜನಗೂಡಿನಲ್ಲಿ ಅಜ್ಜಿ ಗಂಗಮ್ಮ ದೇವರಿಗೆ ಗಂಧ ತೇಯುತ್ತಿದ್ದುದೂ ಹೀಗೆಯೇ, ಕಥೆ ಹೇಳುತ್ತಾ, ಕೈಗೆ ಯಾವ ಅವಸರವೂ ಇಲ್ಲದೆ. ಆದರೆ ಈ ಮಸಿಯಿಂದ ಏಳುವುದು ಗಂಧದ ವಾಸನೆಯಲ್ಲ, ಕರ್ಪೂರದ್ದು. ಮೊದಲ ದಿನ ಆ ವಾಸನೆಗೇ ಅವಳು ಕೊರಡನ್ನು ಕೆಳಗಿಟ್ಟಿದ್ದಳು. ತೀರಿಕೊಂಡ ತಮ್ಮನನ್ನು ಕಳಿಸಿಕೊಟ್ಟ ದಿನ ಫ್ಯೂನರಲ್ ಹೋಮಿನವರು ಬೆಂಕಿ ಹಚ್ಚಬೇಡಿ, ಅಲಾರಮ್ ಹೊಡೆಯುತ್ತೆ ಅಂದಿದ್ದರು. ಅಪ್ಪ ಹಚ್ಚದ ಕರ್ಪೂರವನ್ನೇ ಅವನ ಎದೆಯ ಮೇಲೆ ಇಟ್ಟಿದ್ದರು.

ಮತ್ತೆ ಬರೆದಳು. ಮತ್ತೆ ಅವನೇ. ತಲೆಗೆ ಹೊದ್ದದ್ದು ಸನ್ಯಾಸಿಯ ಬಟ್ಟೆಯಲ್ಲ, ಟೊಪ್ಪಿಗೆ ಹೊಲಿದ ಹುಡೀ. ಎಡಭುಜ ಒಂದಿಷ್ಟು ಕೆಳಗೆ.

ಕಳೆದ ಜನವರಿಯ ಒಂದು ಬೆಳಗ್ಗೆ ತಮ್ಮ ಅನುಜ್ ರಜೆ ಮುಗಿಸಿಕೊಂಡು ಶಿಕಾಗೋದ ಕಾಲೇಜಿಗೆ ಹೊರಟಿದ್ದ. ಫಾರ್ಮಿಂಗ್ಟನ್ ಹಿಲ್ಸಿನ ಮನೆಯ ಡ್ರೈವ್‌ವೇಯಲ್ಲಿ, ಬೂದು ಹುಡೀ ತಲೆಗೆಳೆದುಕೊಂಡು, ಬ್ಯಾಗನ್ನು ಎಡಭುಜಕ್ಕೆ ನೇತುಹಾಕಿಕೊಂಡು ಕಾರಿನ ಕಡೆ ನಡೆಯುತ್ತಿದ್ದ. ಬಾಗಿಲಲ್ಲಿ ನಿಂತಿದ್ದ ಭಾನುವಿನ ಕೈಯಲ್ಲಿ ಫೋನು ಕಿರುಗುಟ್ಟಿತು. ರಸ್ತೆಗೆ ಬಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ, ಪ್ರಯಾಣ ಮಾಡಬೇಡಿ ಎಂಬ ಎಚ್ಚರಿಕೆ. ಅವಳು ಕೂಗಲು ಬಾಯಿ ತೆರೆದಳು. ಅಮ್ಮನ ಅಂಗೈ ಬಂದು ಬಾಯಿ ಮುಚ್ಚಿತು.

"ಹೊರಟೋನನ್ನ ಹಿಂದಿನಿಂದ ಕರೀಬಾರ್ದು ಕಣೇ. ಅಜ್ಜಿ ಹತ್ರ ಬೆಳೆದೋಳು, ಅಷ್ಟೂ ಗೊತ್ತಿಲ್ವಾ? ಆಮೇಲೆ ಮೆಸೇಜ್ ಮಾಡು."

ಅಂಗೈಯಲ್ಲಿ ಚಪಾತಿ ಹಿಟ್ಟಿನ ವಾಸನೆ. ಭಾನು ಮೆಸೇಜ್ ಮಾಡಿದಳು. ಡ್ರೈವ್ ಮಾಡುವಾಗ ಅನುಜ್ ಫೋನ್ ಮುಟ್ಟುತ್ತಿರಲಿಲ್ಲ. ಅದನ್ನು ಗದರಿಸಿ ಗದರಿಸಿ ಕಲಿಸಿದವಳೂ ಅಮ್ಮನೇ. ಕಲಮಜೂ ಊರು ದಾಟಿದ ಮೇಲೆ ಒಂದು ಓವರ್‌ಪಾಸಿನಲ್ಲಿ ಕಾರು ಜಾರಿತು.

ಆ ಅಂಗೈಯ ಬಗ್ಗೆ ತಾಯಿ ಮಗಳು ಒಂದು ಮಾತೂ ಆಡಿಕೊಂಡಿರಲಿಲ್ಲ. ಅಪ್ಪ ಮನೋಹರ್‌ಗೆ ಅದು ಗೊತ್ತೂ ಇರಲಿಲ್ಲ. ಅವರು ಈಗಲೂ ಊಟದ ಮಧ್ಯೆ ತಟ್ಟೆ ನೋಡುತ್ತಾ, "ಸ್ನೋ ಟೈರ್ ಹಾಕಿಸ್ಬೇಕಿತ್ತು," ಎನ್ನುತ್ತಾರೆ. ಅಮ್ಮ ಪದ್ಮ ಮಾತ್ರ ಅಂದಿನಿಂದ ಯಾರನ್ನೂ ಹೆಸರು ಹಿಡಿದು ಕರೆದಿಲ್ಲ. ಊಟಕ್ಕೆ ಏಳಿ ಅನ್ನಬೇಕಾದರೆ ಸದ್ದಿಲ್ಲದೆ ಬಂದು ಎದುರಿಗೆ ನಿಲ್ಲುತ್ತಾಳೆ. ಲ್ಯಾಪ್‌ಟಾಪಿನಿಂದ ತಲೆಯೆತ್ತಿದರೆ ಅಮ್ಮ ಅಲ್ಲಿರುತ್ತಾಳೆ, ಎಷ್ಟು ಹೊತ್ತಿನಿಂದಲೋ ಏನೋ. ಭಾನು ಎಷ್ಟೋ ಸಲ ಬೆಚ್ಚಿ ಕಿರುಚಿದ್ದುಂಟು.

ಯಾರೂ ಕರೆಯದೆ ಹೋದ ಜೀವಕ್ಕೆ ತನ್ನ ಹೆಸರು ಮರೆತುಹೋಗುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಅದು ಊರು ದಾಟುವುದಿಲ್ಲ, ಮನೆಗೂ ಬರುವುದಿಲ್ಲ, ಬೀದಿ ಕೊನೆಯಲ್ಲಿ ಬೆನ್ನು ತೋರಿಸಿಕೊಂಡು ನಿಂತಿರುತ್ತದೆ. ಹೋಗಿ ಮುಖ ನೋಡೋಣವೆಂದು ಸುತ್ತು ಬಂದರೆ ಆ ಕಡೆಯೂ ಬೆನ್ನೇ. ಕೇಳುವಾಗ ಭಾನು ಅಜ್ಜಿಯ ಸೆರಗು ಕಚ್ಚಿಕೊಂಡಿರುತ್ತಿದ್ದಳು. ಈಗ ದೊಡ್ಡವಳಾಗಿ, ಕೆಲಸಕ್ಕೆ ಹೋಗುವವಳಾಗಿ, ಬೆಳಗ್ಗೆ ಕಾಫಿ ಹಿಡಿದು ಕಿಟಕಿಗೆ ಬಂದರೆ ಮೇಲ್‌ಬಾಕ್ಸಿನ ಪಕ್ಕ ಅವನು ನಿಂತಿರುತ್ತಿದ್ದ. ಪಕ್ಕದ ಮನೆಯವರ ಕಸದ ಡಬ್ಬಿ ಅದು. ಹಾಗೆಂದು ಗೊತ್ತಾದ ಮೇಲೂ ಕಾಫಿಯನ್ನು ಸಿಂಕಿಗೆ ಸುರಿದುಬಿಡುತ್ತಿದ್ದಳು.

ಇದ್ಯಾವುದನ್ನೂ ಅವಳು ಇಕುಯೊಗೆ ಹೇಳಿರಲಿಲ್ಲ. ತಮ್ಮನಿದ್ದ ಎಂಬುದನ್ನೂ.

"ಸೆನ್ಸೆಯ್, ಈ ದಾರುಮ ಯಾಕೆ ಗೋಡೆ ನೋಡ್ಕೊಂಡು ಕೂತ?"

"ನಿಮ್ಮ ಕಡೆಯವನು, ನಿನಗೇ ಗೊತ್ತಿರಬೇಕು. ಕಂಚಿ ರಾಜಕುಮಾರ ಅಂತಾರೆ. ಸಮುದ್ರ ದಾಟಿ ಚೀನಾಕ್ಕೆ ಹೋದ. ಗುಹೆ ಒಳಗೆ ಗೋಡೆ ನೋಡ್ಕೊಂಡು ಕೂತ. ವರ್ಷಗಟ್ಟಲೆ. ಝೆನ್ ಶುರುವಾಗಿದ್ದೇ ಆ ಬೆನ್ನಿಂದ."

"ನೀವೂ ಹಾಗೆ ಕೂರ್ತೀರಾ?"

"ನನಗೆ ಮಂಡಿ ನೋವು. ನಾನು ಕೂರೋದು ಬೇಸ್‌ಬಾಲ್ ನೋಡೋಕೆ."

"ಅವನನ್ನ ಯಾರೂ ಮಾತಾಡಿಸ್ಲೇ ಇಲ್ವಾ?"

"ಒಬ್ಬ ಬಂದ. ಮನಸ್ಸಿಗೆ ನೆಮ್ಮದಿ ಇಲ್ಲದವನು. ಹಿಮ ಬೀಳ್ತಿತ್ತು, ಮಂಡಿ ತನಕ. ಬೆನ್ನ ಹಿಂದೆ ಹಾಗೇ ನಿಂತಿದ್ದ. ಆಮೇಲೆ ಕರೆದ."

ಭಾನುವಿನ ಕೈ ಕಲ್ಲಿನ ಮೇಲೆ ನಿಂತಿತು. "ಹಿಂದಿನಿಂದ ಕರೆದನಾ?"

"ಮತ್ತೆ? ಮುಖ ಗೋಡೆ ಕಡೆಗಿತ್ತಲ್ಲ. ಇನ್ನೆಲ್ಲಿಂದ ಕರೀಬೇಕಿತ್ತು, ಗೋಡೆ ಒಳಗಿಂದಲಾ?" ತಮ್ಮ ಮಾತಿಗೆ ತಾವೇ ನಕ್ಕು, ಕೆಮ್ಮಿ, ಇಕುಯೊ ಚಹಾ ತರಲು ಮೇಲೆ ಹೋದರು.

ಭಾನು ತನ್ನ ಮನೆಗೆ ಬಂದಾಗ ಅಲ್ಲಿನ ಬೇಸ್‌ಮೆಂಟಿನ ದೀಪ ಉರಿಯುತ್ತಿತ್ತು. ಅಪ್ಪ ಭಟ್ಟರ ಹತ್ತಿರ ಅನುಜ್‌ನ ವರ್ಷಾಂತಿಕದ ಮಾತಾಡಲು ದೇವಸ್ಥಾನಕ್ಕೆ ಹೋಗಿದ್ದರು. ಅಮ್ಮನನ್ನು ಕರೆದಿದ್ದರು, ಅವಳು ಹೋಗಿರಲಿಲ್ಲ. ಬಟ್ಟೆ ಒಣಗಿಸುವ ಮೆಷೀನಿನ ಪಕ್ಕ, ಭಾನು ಅಡಗಿಸಿಟ್ಟಿದ್ದ ಹಾಳೆಗಳನ್ನೆಲ್ಲ ಅಮ್ಮ ಹಗ್ಗಕ್ಕೆ ಕ್ಲಿಪ್ ಹಾಕಿ ಸಾಲಾಗಿ ನೇತುಹಾಕಿದ್ದಳು. ಸಾಲು ತುಂಬಾ ಬೆನ್ನುಗಳು. ಮೆಷೀನಿನ ಬಿಸಿಗಾಳಿಗೆ ಅವು ಮೆಲ್ಲಗೆ ಅಲುಗುತ್ತಿದ್ದವು, ಒಟ್ಟಿಗೆ ನಡೆಯುತ್ತಿರುವ ಹಾಗೆ.

"ಎಷ್ಟು ಸಲ ಕಳಿಸ್ತೀಯೇ ಅವನನ್ನ?" ಎಂದಳು ಅಮ್ಮ.

"ಅದು ದಾರುಮ ಅಮ್ಮಾ. ಜಪಾನಿನೋರ ದೊಡ್ಡ ಗುರು."

"ನಿಮ್ಮ ಗುರುಗಳು ಎಡಭುಜ ಇಳಿಬಿಟ್ಕೊಂಡು ನಡೀತಿದ್ರಾ?"

ಮೆಷೀನಿನಲ್ಲಿ ಯಾವುದೋ ಗುಂಡಿ ಟಕ್ ಟಕ್ ಎಂದು ಹೊಡೆದುಕೊಳ್ಳುತ್ತಿತ್ತು.

"ಅವತ್ತು ನಿನ್ನ ಬಾಯಿ ಮುಚ್ಚಿದ್ನಲ್ಲ," ಎಂದಳು ಅಮ್ಮ, ಹಾಳೆಗಳಿಗೇ ಹೇಳುವಂತೆ. "ನೀನು ಕಚ್ಚಬೇಕಿತ್ತು ಕಣೇ. ನನ್ನ ಕೈ ರಕ್ತ ಬರೋ ಹಾಗೆ ಕಚ್ಚಿ ಕೂಗ್ಬೇಕಿತ್ತು. ಯಾಕೆ ಕಚ್ಚಲಿಲ್ಲ?"

ನಿನ್ನ ತಪ್ಪಲ್ಲಮ್ಮ ಎಂಬ ಮಾತು ಭಾನುವಿನ ಬಾಯಿಯ ತನಕ ಬಂತು. ಅದು ಎಲ್ಲರೂ ಎಲ್ಲರಿಗೂ ಹೇಳುವ ಮಾತಾಗಿತ್ತು. ನುಂಗಿಕೊಂಡಳು. ಅಮ್ಮನ ಪಕ್ಕದಲ್ಲಿ ಒಗೆದ ಬಟ್ಟೆಯ ಬುಟ್ಟಿಯ ಮೇಲೆ ಕೂತು, ಏನು ಹೇಳುತ್ತಿದ್ದೇನೆಂದು ತನಗೇ ತಿಳಿಯುವ ಮೊದಲು, "ಕಂಚಿಯಲ್ಲಿ ಒಬ್ಬ ರಾಜಕುಮಾರ ಇದ್ದ," ಎಂದಳು.

"ಹೂಂ," ಎಂದಳು ಅಮ್ಮ. ಹಳೆಯ ಅಭ್ಯಾಸ. ಗಂಗಮ್ಮನ ಮಗಳು ಅವಳು, ಕಥೆ ಶುರುವಾದರೆ ಹೂಂಗುಟ್ಟದೆ ಇರಲಾರಳು.

"ಅವನು ಸಮುದ್ರ ದಾಟಿ ಹೋಗಿ, ಗೋಡೆಗೆ ಮುಖ ಹಾಕಿ ಕೂತುಬಿಟ್ಟ."

"ಹೂಂ."

"ಯಾರ ಜೊತೇಲೂ ಮಾತಿಲ್ಲ. ಕಥೆ ಇಲ್ಲ. ಒಂದಿನ ಹಿಮದಲ್ಲಿ ಯಾರೋ ಒಬ್ಬ ಬಂದ. ಬಂದು ಬೆನ್ನ ಹಿಂದೆ ನಿಂತ."

"ಹೂಂ."

"ಹಿಂದಿನಿಂದಲೇ ಕರೆದ."

ಅಮ್ಮ ಹೂಂಗುಟ್ಟಲಿಲ್ಲ. ಮೆಷೀನು ತಾನಾಗಿ ನಿಂತು ಪೀಂ ಎಂದಿತು. ಹಾಳೆಗಳೂ ನಿಂತವು.

"ತಿರುಗಿದನಾ?" ಎಂದು ಅಮ್ಮ ಕೇಳಿದಳು.

"ನಾನು ಕೇಳಲಿಲ್ಲಮ್ಮ."

"ಅಯ್ಯೋ ನಿನ್ನ! ಅರ್ಧ ಕಥೆ ಹೊತ್ಕೊಂಡು ಬಂದಿದೀಯಲ್ಲೇ." ಅಮ್ಮ ಎದ್ದು ಸೀರೆ ಕೊಡವಿಕೊಂಡಳು. "ಬರೋ ಶನಿವಾರ ನಾನೂ ಬರ್ತೀನಿ. ನಾನೇ ಕೇಳ್ತೀನಿ."

ಶನಿವಾರ ಹಿಮ ಬೀಳುತ್ತಿತ್ತು. ಬೇಡವೆಂದರೂ ಅಮ್ಮ ಹೊರಟಳು. ಫ್ರೀವೇಯಲ್ಲಿ ಅವಳು ಕಿಟಕಿಯ ಮೇಲಿನ ಹಿಡಿಯನ್ನು ಬಿಡಲೇ ಇಲ್ಲ. ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಲೇ ಇದ್ದಳು. ತೊಡೆಯ ಮೇಲೆ ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ. ಬರಿಗೈಯಲ್ಲಿ ಗುರುಗಳ ಮನೆಗೆ ಹೋಗುವುದುಂಟೆ ಎಂದು ಬೆಳಗ್ಗೆಯೇ ಎದ್ದು ಕರಿದಿದ್ದಳು.

ಇಕುಯೊ ಒಂದು ಕೋಡುಬಳೆಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಬೆಳಕಿಗೆ ಹಿಡಿದರು. "ಇದು ತಿನ್ನೋದಾ, ಪರದೆ ಕಂಬಿಗೆ ಹಾಕೋದಾ?"

ಭಾನು ಕನ್ನಡದಲ್ಲಿ ಹೇಳಿದಳು. ಅಮ್ಮನ ತುಟಿಯ ಒಂದು ಮೂಲೆ ಅಲುಗಿತು. "ಹಲ್ಲಿದ್ರೆ ತಿನ್ನಲಿ ಅನ್ನು," ಎಂದಳು. ಅದನ್ನು ಭಾನು ಇಂಗ್ಲಿಷಿಗೆ ತರಲಿಲ್ಲ. ಇಕುಯೊ ಕಟಕಟನೆ ಕಡಿದು, ಇನ್ನೊಂದು ತೆಗೆದುಕೊಂಡರು.

"ಕೇಳೇ," ಎಂದು ಅಮ್ಮ ಮೊಣಕೈಯಿಂದ ತಿವಿದಳು. "ತಿರುಗಿದನಾ ಅಂತ ಕೇಳು."

"ನೀನೇ ಕೇಳ್ತೀನಿ ಅಂದಿದ್ದೆ."

ಅಮ್ಮ ಇಕುಯೊ ಕಡೆ ತಿರುಗಿದಳು. ಇಂಗ್ಲಿಷ್ ಬರುತ್ತಿತ್ತು, ಗ್ರೋಸರಿಗೂ ಡಾಕ್ಟರಿಗೂ ಸಾಕಾಗುವಷ್ಟು. ಆದರೂ ಕನ್ನಡದಲ್ಲೇ ಕೇಳಿದಳು, "ಅವನು ತಿರುಗಿದನಾ ಅಮ್ಮಾ? ಹಿಂದಿನಿಂದ ಕರೆದಾಗ?" ಭಾನು ಅದನ್ನು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು.

ಇಕುಯೊ ಕೈಯಲ್ಲಿದ್ದ ಚೂರನ್ನು ತಟ್ಟೆಗಿಟ್ಟರು. "ಕಥೆಯಲ್ಲಿ ತಿರುಗಿದ. ಏನು ಬೇಕು ಅಂತ ಕೇಳಿದ." ಕಾಗದದ ಮೇಲೆ ಕೈ ಸವರಿದರು. "ಈ ಚಿತ್ರದಲ್ಲಿ ಇಲ್ಲ. ಇದರಲ್ಲಿ ಬೆನ್ನು ಅಷ್ಟೇ." ಆಮೇಲೆ, ಅಡುಗೆಮನೆಯಲ್ಲಿ ಸೌಟು ಕೊಡುವ ಹಾಗೆ, ಕುಂಚವನ್ನು ಅಮ್ಮನ ಕೈಗಿಟ್ಟರು.

"ನನಗೆಲ್ಲಿ ಬರುತ್ತೆ ಇದು!"

"ರಂಗೋಲಿ ಎಳೀತೀಯಲ್ಲಮ್ಮ."

"ಅದು ಬೆರಳು ಕಣೇ. ತಪ್ಪಿದ್ರೆ ಒರೆಸಬಹುದು."

"ಒರೆಸೋ ಹಾಗಿಲ್ಲ," ಎಂದರು ಇಕುಯೊ, ಮಾತು ಅರ್ಥವಾದವರಂತೆ. "ಉಸಿರು ತಗೊಳ್ಳಿ. ಗೆರೆ ಮುಗಿಯೋ ತನಕ ಬಿಡಬೇಡಿ. ಬಿಟ್ಟರೆ ಕಾಗದಕ್ಕೆ ಗೊತ್ತಾಗುತ್ತೆ."

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕುಂಚವನ್ನು ಮಸಿಯಲ್ಲಿ ಅದ್ದಿ, ಅಂಚಿಗೆ ಒತ್ತಿ ಹನಿ ತೆಗೆದು, ಎದೆ ತುಂಬ ಉಸಿರೆಳೆದಳು. ನೆತ್ತಿ ಬಂತು. ಕಿವಿಯ ಪಕ್ಕ ಬಟ್ಟೆಯ ಮಡಿಕೆ ಬಂತು. ಎಡಭುಜ ಬಂತು, ಒಂದಿಷ್ಟು ಕೆಳಗೆ. ಬೆನ್ನಗುಂಟ ಗೆರೆ ಇಳಿಯುತ್ತಾ ಹೋಯಿತು, ದಪ್ಪಗೆ, ಒದ್ದೆಯಾಗಿ. ಭಾನು ತಾನೂ ಉಸಿರು ಹಿಡಿದಿದ್ದಳು. ಕೆಳಗೆ ಬಂದಾಗ ಅಮ್ಮನ ಮಣಿಕಟ್ಟು ತಿರುಗಿತು. ಗೆರೆ ಬಳಸತೊಡಗಿತು. ಅವನು ಕೂರುತ್ತಿದ್ದ.

ಅಲ್ಲಿಗೆ ಉಸಿರು ಸಾಲಲಿಲ್ಲ.

"ಅನೂ!"

ಮೆಟ್ಟಿಲ ಬುಡದಲ್ಲಿ ನಿಂತು, ಹೆಡ್‌ಫೋನ್ ಹಾಕಿಕೊಂಡು ಮೇಲಿರುವ ಹುಡುಗನಿಗೆ ಕೇಳಿಸಲೇಬೇಕೆಂದು ಕೂಗುವ ಕೂಗು ಅದು. ಅರ್ಧ ಸಿಟ್ಟು, ಅರ್ಧ ಊಟ ಆರಿಹೋಗುತ್ತದೆಂಬ ಅವಸರ. ಬೇಸ್‌ಮೆಂಟಿನ ಪೈಪುಗಳಲ್ಲಿ ಅದು ಗುಂಯ್ ಎಂದಿತು.

"ಅನೂ! ಬಾರೋ!"

ಭಾನು ಅಮ್ಮನ ಬಾಯಿಯ ಕಡೆ ನೋಡಿದಳು, ಮುಚ್ಚಲಿಲ್ಲ. ಅಮ್ಮ ಕುಂಚವನ್ನು ಎತ್ತಿರಲಿಲ್ಲ. ಗೆರೆ ನಿಂತಲ್ಲಿ ಮಸಿ ಸದ್ದಿಲ್ಲದೆ ಹರಡಿಕೊಳ್ಳುತ್ತಿತ್ತು.

ಇಕುಯೊ ಕನ್ನಡಕ ಸರಿಮಾಡಿಕೊಂಡರು. ಯಾರೋ ಬರುತ್ತಿರಬೇಕೆಂದು, ಜಾಗ ಬಿಡಲು ತಮ್ಮ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಮೆಟ್ಟಿಲುಗಳ ಕಡೆ ನೋಡುತ್ತಾ ನಿಂತರು.