ತೆಂಗಿನಕಾಯಿ ಶಿವರಾಮ ಒಳಗೆ ಹೋದದ್ದು

ನನ್ನ ಎರಡು ಕಣ್ಣಾಣೆ, ಇದರಲ್ಲಿ ಒಂದು ಮಾತೂ ಕಟ್ಟಿದ್ದಲ್ಲ. ಆರು ಜನ ಹೊತ್ತ ಶವಪೆಟ್ಟಿಗೆ ಹುಳಿಮಾವಿನ ಚರ್ಚಿನ ಮೆಟ್ಟಿಲು ಹತ್ತುತ್ತಿತ್ತು. ಸಭೆಯ ಹಿರಿಯ ವೆಂಕಟಾಚಲ ಬಾಗಿಲಿಗೆ ಅಡ್ಡ ಬಂದ.

"ಅಂಗಳದಲ್ಲೇ ಇಳ್ಸಿ. ಹೊರಗಿಟ್ಟೋರ ಪೆಟ್ಗೆ ಒಳಗ್ ಬರಲ್ಲ. ನಮ್ ಪದ್ಧತಿ ಗೊತ್ತಲ್ಲ."

ಪೆಟ್ಟಿಗೆಯಲ್ಲಿದ್ದವನು ಶಿವರಾಮ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಸೈಟುಗಳಲ್ಲಿ ನಡೆಯುತ್ತಿದ್ದ. ಕೆಳಗೆ ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತಿತ್ತು, ಅಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದರು. ಒಮ್ಮೆ ಕತ್ರಿಗುಪ್ಪೆಯಲ್ಲಿ ಕಾಯಿ ಎದ್ದ ರಭಸಕ್ಕೆ ಇವನೇ ಹಾರಿ ಕಾಂಪೌಂಡಿನ ಮೇಲೆ ಕೂತಿದ್ದ, ನೋಡಿದವರಿದ್ದಾರೆ. ದೀಕ್ಷಾಸ್ನಾನ ಪಡೆದ ವಿಶ್ವಾಸಿ ಕಾಯಿ ಹಿಡಿಯುವುದು ಶಕುನ ನೋಡಿದಂತೆ ಎಂದು ಸಭೆಯವರು ಎಷ್ಟೋ ಸಲ ಬುದ್ಧಿ ಹೇಳಿದ್ದರು. ಪ್ರತಿ ಸಲವೂ ಅತ್ತು ಬಿಡುತ್ತಿದ್ದ, ಸೋಮವಾರ ಮತ್ತೆ ಹಿಡಿಯುತ್ತಿದ್ದ. ನೀನು ಚರ್ಚಿನವನಾ ಎಂದು ಸೈಟಿನವರು ಕೇಳಿದರೆ ಅಲ್ಲವೇ ಅಲ್ಲ ಎನ್ನುತ್ತಿದ್ದ. ಶಿಷ್ಯ ಪೇತ್ರ ಯೇಸು ಯಾರೋ ಗೊತ್ತಿಲ್ಲ ಎಂದದ್ದು ಮೂರು ಸಲ, ಇವನು ಮುನ್ನೂರು ಸಲ. ಹೋದ ವರ್ಷ ವೆಂಕಟಾಚಲನೇ ಸಭೆಯಲ್ಲಿ ಹೆಸರು ಓದಿ ಇವನನ್ನು ಹೊರಗಿಟ್ಟಿದ್ದ.

ಹೆಂಡತಿ ಲಕ್ಷ್ಮಿದೇವಮ್ಮ ಪೆಟ್ಟಿಗೆಯ ಮೇಲಿಂದ ಕೈ ತೆಗೆಯಲಿಲ್ಲ. ಸಾಯುವ ಮುಂಚೆ ಗಂಡ ಕೇಳಿದ್ದು ಒಂದೇ, ಒಂದು ಸಲ ಒಳಗೆ ಕರೆದುಕೊಂಡು ಹೋಗು ಎಂದು.

"ಹಿರಿಯರೇ, ನೋಹ ಕುಡ್ದು ಬಟ್ಟೆ ಇಲ್ದೆ ಬಿದ್ದಿದ್ದ. ಯಾಕೋಬ ಕಣ್ ಕಾಣದ ಅಪ್ಪಂಗೇ ಮೋಸ ಮಾಡ್ದ. ದಾವೀದ ಮಾಡಿದ್ದನ್ನ ನನ್ ಬಾಯಲ್ಲಿ ಹೇಳಿಸ್ಬೇಡಿ. ದೇವ್ರು ಅವ್ರನ್ಯಾರನ್ನೂ ಅಂಗಳದಲ್ಲಿ ಇಳಿಸ್ಲಿಲ್ಲ. ನಮ್ಮೋರು ಹಿಡ್ಕೊಂಡಿದ್ದು ಒಂದ್ ಕಾಯಿ."

"ಅವ್ರೆಲ್ಲ ತಪ್ಪೊಪ್ಕೊಂಡ್ರಮ್ಮ."

ಲಕ್ಷ್ಮಿದೇವಮ್ಮ ಅವನ ಮುಖವನ್ನೇ ನೋಡಿ ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಇವಳಿಗೆ ಎಲ್ಲ ಗೊತ್ತು ಎಂದು ವೆಂಕಟಾಚಲನಿಗೆ ಆಗ ಹೊಳೆಯಿತು.

*

ಹೆಸರು ಓದುವುದಕ್ಕೆ ಎರಡು ತಿಂಗಳು ಮುಂಚೆ, ಹೊಸಕೆರೆಹಳ್ಳಿಯ ವೆಂಕಟಾಚಲನ ಸೈಟಿನಲ್ಲಿ ಮೂರನೆಯ ಬೋರೂ ಬರೀ ಧೂಳು ಕಕ್ಕಿತ್ತು. ಮಧ್ಯಾಹ್ನ ಶಿವರಾಮನನ್ನು ಕರೆಸಿ ಗೇಟು ಹಾಕಿದವನು ವೆಂಕಟಾಚಲನೇ. ಶಿವರಾಮನ ಬೈಬಲ್ ಚೀಲದಿಂದ ಕಾಯಿ ಹೊರಗೆ ಬಂತು. ಕೊರೆದಾಗ ನೀರು ಎಷ್ಟೆತ್ತರ ಚಿಮ್ಮಿತೆಂದರೆ ಕರೆಂಟು ತಂತಿಯ ಮೇಲಿನ ಕಾಗೆಗಳಿಗೆಲ್ಲ ಸ್ನಾನವಾಯಿತು.

"ಯಾರ್ಗೂ ಹೇಳ್ಬೇಡಪ್ಪ" ಎಂದಿದ್ದ ವೆಂಕಟಾಚಲ.

ಹೆಸರು ಓದಿದ ಭಾನುವಾರ ಶಿವರಾಮ ಕೊನೆಯ ಬೆಂಚಿನಿಂದ ಎದ್ದು, ವೆಂಕಟಾಚಲನಿಗೇ ಕೈಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ.

*

"ನೀವು ಹೇಳ್ಬೋದಿತ್ತಲ್ಲಮ್ಮ" ಎಂದ ವೆಂಕಟಾಚಲ, ಚರ್ಚಿನ ಬಾಗಿಲಲ್ಲೇ ನಿಂತು.

"ಹೇಳಲ್ಲ ಅಂತ ನನ್ ಕೈಲಿ ಮಾತು ತಗೊಂಡಿದ್ರು ನಮ್ಮೋರು."

ವೆಂಕಟಾಚಲ ಜನರ ಕಡೆ ತಿರುಗಿದ. "ನಮ್ ಮನೆ ನೀರೂ ಇವನ್ ಕಾಯಿಂದೇ. ಕರ್ಸಿದ್ದು ನಾನು, ಹೆಸ್ರು ಓದಿದ್ದೂ ನಾನು. ನನ್ ಹೆಸ್ರು ಯಾರೂ ಓದ್ಲಿಲ್ಲ."

ಆಮೇಲೆ ಮಕ್ಕಳಿಗೆ ಬೈಬಲ್ ಪಾಠ ಹೇಳುವ ಶ್ರೀದೇವಿ ಗಂಟಲು ಸರಿಮಾಡಿಕೊಂಡು, ನಮ್ಮ ಮನೆಯದೂ ಎಂದಳು. ಹಾಡುವವರ ಸಾಲಿನಿಂದ ನಾಲ್ಕು ಕೈ ಎದ್ದವು. ಲೆಕ್ಕ ಹನ್ನೊಂದು ಮನೆ ದಾಟಿತು. ಕೊನೆಗೆ ಪಾದ್ರಿಗಳೇ ಮುಂದೆ ಬಂದು, ದೀಕ್ಷಾಸ್ನಾನದ ತೊಟ್ಟಿಗೆ ನೀರು ಬರುವ ಬೋರ್ ಇದೆಯಲ್ಲ, ಎಂದು ಮೆಲ್ಲಗೆ ಶುರುಮಾಡಿದರು.

ವೆಂಕಟಾಚಲ ಪೆಟ್ಟಿಗೆಯ ತಲೆಭಾಗಕ್ಕೆ ಹೆಗಲು ಕೊಟ್ಟ. ಮುಟ್ಟಲು ಜಾಗ ಸಿಗದವರು ಮುಂದಿನವರ ಹೆಗಲು ಹಿಡಿದು, ಗಂಟಲು ಹರಿಯುವಂತೆ ಹಾಡುತ್ತಾ ನುಗ್ಗಿದರು. ಹೊತ್ತವರ ಗುಂಪು ಬಾಗಿಲಲ್ಲಿ ಸಿಕ್ಕಿಕೊಂಡಿತು. ಹಿಂದಿನಿಂದ ಯಾರೋ ಕದವನ್ನೇ ಕಿತ್ತಿಡಿ ಎಂದರು, ಕಿತ್ತಿಟ್ಟರು. ಲಕ್ಷ್ಮಿದೇವಮ್ಮ ಎಲ್ಲರಿಗಿಂತ ಮುಂದೆ, ತಲೆಯೆತ್ತಿಕೊಂಡು ಒಳಗೆ ನಡೆದಳು.

ಅವರ ಗುಟ್ಟೆಲ್ಲ ಕೇಳಿದಿರಲ್ಲ, ಈಗ ನಿಮ್ಮದು ಹೇಳಿ. ಸ್ವಲ್ಪ ಹತ್ತಿರ ಬನ್ನಿ, ನಾನು ಯಾರಿಗೂ ಹೇಳುವವನಲ್ಲ.